ಉಲ್ಟಾ ಬಿದ್ದ ಸಿಂಹ

ನಮ್ಮ ಹವ್ಯಾಸಿ ತಂಡದ ನಾಟಕದಲ್ಲಿ ಬ್ರಿಟಿಷರ ಕಾಲದ ಕೋರ್ಟ್ ದೃಶ್ಯವಿತ್ತು. ಜಡ್ಜ್ ಕುರ್ಚಿಯ ಹಿಂದೆ ಬ್ರಿಟನ್ನಿನ ರಾಜಲಾಂಛನ ಬೇಕಿತ್ತು. ಲಿನೋ ಅನ್ನೋ ಮೆತ್ತನೆ ಹಾಳೆ ಕೆತ್ತಿ ಬಟ್ಟೆ ಮೇಲೆ ಅಚ್ಚು ಹಾಕಿಕೊಡ್ತೀನಿ ಅಂತ ಒಪ್ಪಿಕೊಂಡೆ. ಹಿಂದೊಮ್ಮೆ ಹಳೆ ಮೈಸೂರಿನ ಗಂಡಭೇರುಂಡ ಲಾಂಛನ ಕೆತ್ತಿದ್ದೆ, ಅದೇ ಧೈರ್ಯ.

ಆ ಧೈರ್ಯವೇ ಕೈಕೊಟ್ಟಿತು. ಮೈಸೂರಿನದರಲ್ಲಿ ಎರಡೂ ಕಡೆ ನಿಲ್ಲುವುದು ಗಜಕೇಸರಿ. ಸಿಂಹದ ಮೈ, ಆನೆಯ ಸೊಂಡಿಲು. ಒಂದನ್ನು ಬರೆದು, ಕಾಗದ ಮಡಚಿ ಉಜ್ಜಿದರೆ ಇನ್ನೊಂದು ಸಿಕ್ಕಿತು. ಅಚ್ಚಿನಲ್ಲಿ ಎಡಬಲ ಅದಲುಬದಲಾದರೂ ಗೊತ್ತೇ ಆಗಲ್ಲ.

ಬ್ರಿಟನ್ನಿನದು ಹಾಗಲ್ಲ. ನಾವು ನೋಡುವಾಗ ಎಡಕ್ಕೆ ಇಂಗ್ಲೆಂಡಿನ ಸಿಂಹ, ಬಲಕ್ಕೆ ಸ್ಕಾಟ್ಲೆಂಡಿನ ಯೂನಿಕಾರ್ನ್. 1603ರಲ್ಲಿ ಸ್ಕಾಟ್ಲೆಂಡಿನ ಆರನೇ ಜೇಮ್ಸ್ ಇಂಗ್ಲೆಂಡಿಗೂ ರಾಜನಾದ ಮೇಲೆ ಕೂಡಿದ ಜೋಡಿ ಇದು. ಯೂನಿಕಾರ್ನ್ ಅಂದರೆ ಸುಮ್ನೆ ಕೊಂಬಿನ ಕುದುರೆ ಅಂದುಕೊಂಡಿದ್ದೆ. ಮೇಕೆಯ ಗಡ್ಡ, ಸೀಳಿದ ಗೊರಸು, ಸಿಂಹದ ಬಾಲ! ಕುತ್ತಿಗೆಯಿಂದ ಇಳಿದು ಮೈ ಸುತ್ತುವ ಸರಪಳಿ ಬೇರೆ. ಅದರ ಒಂದೊಂದು ಕೊಂಡಿ ಬಿಡಿಸುವಷ್ಟರಲ್ಲಿ ಎರಡು ಸಂಜೆ ಹೋಯಿತು.

ಇಂಕು ಹಚ್ಚಿ ಮೊದಲ ಪ್ರೂಫ್, ಅಂದರೆ ಪರೀಕ್ಷೆಯ ಅಚ್ಚು, ಎತ್ತಿದೆ. ಯೂನಿಕಾರ್ನ್ ಎಡಕ್ಕೆ ಬಂದು ನಿಂತಿತ್ತು. ಚಿತ್ರವನ್ನು ತಿರುಗಿಸದೆ ನೇರವಾಗಿ ಲಿನೋಗೆ ಇಳಿಸಿಬಿಟ್ಟಿದ್ದೆ. ಕೆಳಗಿನ ಅಕ್ಷರ ಕೆತ್ತಿದ್ದರೆ ಆಗಲೇ ಎಚ್ಚರವಾಗುತ್ತಿತ್ತು. ಅದನ್ನು ಬ್ರಷ್‌ನಲ್ಲಿ ಬರೆಯೋಣ ಅಂತ ಬಿಟ್ಟಿದ್ದೆ.

ಸ್ಕಾಟ್ಲೆಂಡಿನಲ್ಲಿ ಬಳಸುವ ರೂಪದಲ್ಲಿ ಯೂನಿಕಾರ್ನ್ ಎಡಕ್ಕೇ ಇರುತ್ತದೆ. ಅದನ್ನೇ ನೆಪ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಅಲ್ಲಿ ಅದರ ತಲೆ ಮೇಲೆ ಕಿರೀಟ ಇರಬೇಕು. ನಡುವಿನ ಗುರಾಣಿಯ ನಾಲ್ಕು ಭಾಗಗಳಲ್ಲಿ ಎರಡು ಸ್ಕಾಟ್ಲೆಂಡಿನವಾಗಿರಬೇಕು. ನನ್ನದರಲ್ಲಿ ಇಂಗ್ಲೆಂಡಿನ ಮೂರು ಸಿಂಹಗಳು ಎರಡೂ ಕಡೆ ಹಿಂದುಮುಂದಾಗಿ ಹೊರಟಿದ್ದವು.

ಇನ್ನೊಂದು ತಪ್ಪೂ ಆಗಲೇ ಕಂಡಿತು. ಈ ಪ್ರಾಣಿಗಳು ಗುರಾಣಿಗೆ ಆತು ನಿಲ್ಲಬೇಕು, ನಾನು ಬೆರಳಗಲ ಜಾಗ ಬಿಟ್ಟಿದ್ದೆ. ಗುರಾಣಿ ಗಾಳಿಯಲ್ಲಿ ತೇಲುತ್ತಿತ್ತು, ಸಿಂಹ ಯಾರಿಗೋ ಟಾಟಾ ಮಾಡುವ ಹಾಗಿತ್ತು.

ಎರಡನೇ ಸಲ ಟ್ರೇಸಿಂಗ್ ಪೇಪರಿನಲ್ಲಿ ಮೆತ್ತನೆ ಪೆನ್ಸಿಲ್‌ನಿಂದ ಬರೆದು, ಮುಖ ಕೆಳಗೆ ಮಾಡಿ ಲಿನೋ ಮೇಲೆ ಉಜ್ಜಿದೆ. ಉಳಿ ಹಿಡಿಯುವ ಮೊದಲು ಕನ್ನಡಿ ಹಿಡಿದು ನೋಡಿದೆ. ಸಿಂಹದ ಮುಂಗಾಲನ್ನು ಗುರಾಣಿಯ ಅಂಚಿಗೆ ತಾಗಿಸಿದೆ. ಸರಪಳಿ ಒಂದೇ ಸಂಜೆಯಲ್ಲಿ ಮುಗಿಯಿತು.