ಬೇಗ ಬಿದ್ದುಹೋಗುವ ಬಾಣ

"ಇದು ಹಾರಲ್ಲ ಮಾರಾಯ, ಪಕ್ಕಕ್ಕೆ ಹೊರಳುತ್ತೆ" ಎಂಬ ಅರ್ಥ ಬರುವ ಹಾಗೆ, ನಾನು ಗರಿ ಸುತ್ತಿ ಮಾಡಿದ ಬಾಣ ನೋಡಿ ಪಕ್ಕದ ಮನೆಯ ಅಜ್ಜ ತಲೆ ಅಲ್ಲಾಡಿಸಿ ಹೋದರು. ಅವರು ನಲವತ್ತು ವರ್ಷ ಮಿಶಿಗನ್ ಕಾಡಿನಲ್ಲಿ ಬಿಲ್ಲು ಹಿಡಿದು ಓಡಾಡಿದವರು. ನಾನು ತೀರ್ಥಹಳ್ಳಿ ಕಡೆಯಿಂದ ಬಂದು ಇಲ್ಲಿ ಕೀಬೋರ್ಡ್ ಕುಟ್ಟುವವನು. ಅವರ ಮಾತು ನಂಬಬೇಕಿತ್ತು. ನಂಬಲಿಲ್ಲ. ಈ ಚಳಿಗಾಲದಲ್ಲಿ ಅದೇ ಬಾಣದಿಂದ ಏಳು ಮೊಲ ಹೊಡೆದಿದ್ದೇನೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಫ್ಲೂ-ಫ್ಲೂ ಬಾಣ ಏನು ಅಂತ ಬಿಲ್ಲು ಹಿಡಿದವರಿಗೆ ಗೊತ್ತು. ದೊಡ್ಡ ಗರಿ, ಹತ್ತಿರದ ಗುರಿ, ಆಮೇಲೆ ಗಾಳಿ ಹಿಡಿದು ಬಿದ್ದುಹೋಗುವುದು. ನಾನು ಮಾಡಿದ್ದು ಆರು ತುಂಡು ಗರಿ ಅಂಟಿಸುವ ಬಗೆ ಅಲ್ಲ. ಟರ್ಕಿ ಕೋಳಿಯ ಒಂದೇ ಒಂದು ಉದ್ದನೆಯ ಗರಿಯನ್ನು ಕಡ್ಡಿಯ ಸುತ್ತ ಬಳ್ಳಿ ಹಬ್ಬಿದ ಹಾಗೆ ಸುತ್ತುವುದು. ಇದು ಹೊಸದೇನಲ್ಲ, ಹಳಬರು ಮಾಡುತ್ತಿದ್ದರು. ಆದರೆ ಈಗ ಕೇಳಿದರೆ ಎಲ್ಲರೂ "ಜಿಗ್ ತಗೋ, ಆರು ಗರಿ ಹಾಕು" ಅಂತಲೇ ಹೇಳುತ್ತಾರೆ. ಜಿಗ್ ಅಂದರೆ ಗರಿಯನ್ನು ಕಡ್ಡಿಗೆ ಸರಿಯಾಗಿ ಹಿಡಿದು ಅಂಟಿಸುವ ಸಲಕರಣೆ, ಒಳ್ಳೆಯದಾದರೆ ನೂರು ಡಾಲರ್ ಆಸುಪಾಸು. ನನ್ನ ಹತ್ತಿರ ಗುಂಡುಸೂಜಿ ಇತ್ತು.

ಹಠಕ್ಕೆ ಕಾರಣ ದುಡ್ಡೇ. ಮೊದಲ ವರ್ಷ ಒಂದು ಡಜನ್ ಕಾರ್ಬನ್ ಬಾಣ ತಂದೆ, ಒಂದಕ್ಕೆ ಎಂಟು ಡಾಲರ್ ಇರಬೇಕು. ಗುರಿ ತಪ್ಪಿದ ಬಾಣ ಒಣಗಿದೆಲೆಯ ಅಡಿಗೆ ಹಾವಿನ ಹಾಗೆ ನುಗ್ಗಿಬಿಡುತ್ತದೆ. ಮೇಲೆ ನಿಂತು ಹುಡುಕಿದರೂ ಕಾಣುವುದಿಲ್ಲ. ಡಿಸೆಂಬರ್ ಹೊತ್ತಿಗೆ ಉಳಿದಿದ್ದು ಮೂರು. ಸಿಕ್ಕ ಮೊಲ ಸೊನ್ನೆ. ಅಳಿಲಿಗೆ ಮರದ ಮೇಲಕ್ಕೆ ಬಿಟ್ಟ ಒಂದು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಆ ದಿನ ಹೆದರಿ ಮನೆಗೆ ಬಂದೆ. ಆಮೇಲೆ ಮಾಮೂಲಿ ಬಾಣವನ್ನು ಮೇಲಕ್ಕೆ ಬಿಟ್ಟೇ ಇಲ್ಲ.

ಊರಿನ ಗೆಳೆಯರು ಇದನ್ನು ಓದಿ ಆಸೆಪಡಬೇಡಿ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಮೊಲಕ್ಕೂ ಬಾಣ ಬಿಡುವ ಹಾಗಿಲ್ಲ. ಇಲ್ಲಿ ಲೈಸೆನ್ಸ್ ಇದೆ, ಸೀಸನ್ ಇದೆ, ದಿನಕ್ಕೆ ಇಷ್ಟೇ ಎಂಬ ಲೆಕ್ಕ ಇದೆ. ಗರಿಗೂ ಕಾನೂನಿದೆ. ಕಾಡಲ್ಲಿ ಬಿದ್ದ ಗಿಡುಗನ ಗರಿ ಎಷ್ಟೇ ಚೆನ್ನಾಗಿದ್ದರೂ ಎತ್ತಿಕೊಳ್ಳಬಾರದು. 1918ರ ವಲಸೆ ಹಕ್ಕಿಗಳ ಕಾಯ್ದೆ ಅಡ್ಡ ಬರುತ್ತದೆ. ಟರ್ಕಿಗೆ ಆ ತಾಪತ್ರಯ ಇಲ್ಲ.

ಆಫೀಸಿನ ಗೆಳೆಯನೊಬ್ಬ ವಸಂತದಲ್ಲಿ ಟರ್ಕಿ ಹೊಡೆಯುತ್ತಾನೆ, ರೆಕ್ಕೆ ಬಿಸಾಡುತ್ತಿದ್ದ. ಕೇಳಿ ತಂದೆ. ಹೇನು, ಹುಳ ಸಾಯಲಿ ಅಂತ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಟ್ಟೆ, ತೆಂಗಿನ ತುರಿಯ ಪಕ್ಕದಲ್ಲಿ. ಹಬ್ಬದ ದಿನ ತುರಿ ತೆಗೆಯಲು ಹೋದ ನನ್ನ ಹೆಂಡತಿಯ ಕೈಗೆ ರೆಕ್ಕೆ ಸಿಕ್ಕಿತು. "ರೀ, ಇದನ್ನ ಇಟ್ಕೊಳ್ಳಿ, ಇಲ್ಲಾ ನನ್ನ ಇಟ್ಕೊಳ್ಳಿ" ಅಂದಳು. ಈಗ ಗ್ಯಾರೇಜಿನಲ್ಲಿ ಹಳೇ ಫ್ರೀಜರ್ ಇದೆ, ನಲವತ್ತು ಡಾಲರ್. ಅದನ್ನು ನಾನು ಬಾಣದ ಖರ್ಚಿಗೆ ಸೇರಿಸಿಲ್ಲ, ನೀವೂ ಸೇರಿಸಬೇಡಿ.

ಒಂದು ರೆಕ್ಕೆಯಲ್ಲಿ ಸುತ್ತಲು ಸಾಕಾಗುವಷ್ಟು ಉದ್ದದ ಗರಿ ಆರೋ ಏಳೋ ಸಿಗುತ್ತವೆ. ಬಾಣಕ್ಕೆ ಒಂದೇ ಗರಿ ಆದ್ದರಿಂದ ಎಲ್ಲ ಗರಿಯೂ ಒಂದೇ ಬದಿಯ ರೆಕ್ಕೆಯದಾಗಬೇಕು ಎಂಬ ತಲೆನೋವಿಲ್ಲ. ಸುತ್ತುವ ದಿಕ್ಕು ಬದಲಿಸಿದರೆ ಆಯಿತು.

ಕಡ್ಡಿಗೆ ಸೀಡರ್ ದುಬಾರಿ. ಹಾರ್ಡ್‌ವೇರ್ ಅಂಗಡಿಯ ಪಾಪ್ಲರ್ ಮರದ ಡವೆಲ್, ಅಂದರೆ ಉದ್ದನೆಯ ಗುಂಡು ಕೋಲು ತಂದೆ, 3/8 ಇಂಚಿನದು. ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸುತ್ತಾ ಉಪ್ಪುಕಾಗದ ಹಿಡಿದು 11/32ಕ್ಕೆ ಇಳಿಸಿದೆ. ಅಂಗಡಿಯಲ್ಲಿ ಒಂದೊಂದನ್ನೂ ಕಣ್ಣಿಗೆ ಹಿಡಿದು ನೋಡುತ್ತಾ ಮುಕ್ಕಾಲು ಗಂಟೆ ನಿಂತಿದ್ದೆ, ಅಲ್ಲಿಯ ಹುಡುಗ ಮೂರು ಸಲ ಬಂದು ಏನು ಬೇಕು ಅಂತ ಕೇಳಿದ. ನಾನು ನೋಡಿದ್ದು ನೇರ ಇದೆಯಾ ಅಂತ ಮಾತ್ರ. ಮರದ ಎಳೆ ತುದಿಯಿಂದ ತುದಿಗೆ ಓಡಿದೆಯಾ ಅಂತ ನೋಡಲಿಲ್ಲ. ಒಂದು ಬಾಣ ಬಿಡುವಾಗಲೇ ಮುರಿಯಿತು. ಒಂದು ಚೂರು ಕೈಗವಸು ದಾಟಿ ಹೆಬ್ಬೆರಳ ಬುಡಕ್ಕೆ ಹೊಕ್ಕಿತು. ತೆಗೆಸಲು ಇನ್ನೂರು ಚಿಲ್ಲರೆ ಡಾಲರ್. ಎರಡು ಜಿಗ್ ಬರುತ್ತಿತ್ತು, ಅಲ್ವಾ? ಕೊಂಕು ಬಂದ ಕಡ್ಡಿಯನ್ನು ಶಾಖ ಕೊಟ್ಟು ನೇರ ಮಾಡಬಹುದು. ಎಳೆ ಅಡ್ಡ ಹರಿದ ಕಡ್ಡಿಯನ್ನು ಒಲೆಗೆ ಹಾಕಿ, ದಯವಿಟ್ಟು. ತಂದ ಮೂವತ್ತು ಕಡ್ಡಿಯಲ್ಲಿ ನನಗೆ ಉಳಿದಿದ್ದು ಹನ್ನೊಂದು. ನನ್ನ ಬಿಲ್ಲು 45 ಪೌಂಡಿನದು, ಅಂದರೆ ಎಳೆಯಲು ಅಷ್ಟು ಬಲ ಬೇಕು; ಕಡ್ಡಿಯ ಬಾಗು ಅದಕ್ಕೆ ಹೊಂದಬೇಕು. 26 ಇಂಚು ಅಂತರದ ಎರಡು ಮೊಳೆಯ ಮೇಲಿಟ್ಟು ನಡುವೆ ಎರಡು ಪೌಂಡ್ ತೂಗಿಬಿಟ್ಟರೆ ಅರ್ಧ ಇಂಚು, ಸ್ವಲ್ಪ ಹೆಚ್ಚು ಬಾಗುವಂಥವನ್ನು ಇಟ್ಟುಕೊಂಡೆ.

ಇನ್ನು ಸುತ್ತುವ ಕೆಲಸ. ಮೊದಲ ನಾಲ್ಕು ಬಾಣ ಹಾಳು. ಗರಿಯ ದಂಟನ್ನು ಸಾಕಷ್ಟು ತೆಳು ಮಾಡಿರಲಿಲ್ಲ. ರಾತ್ರಿ ಸುತ್ತಿ ಸೂಜಿ ಚುಚ್ಚಿ ಮಲಗಿದೆ, ಬೆಳಿಗ್ಗೆ ಎದ್ದು ನೋಡಿದರೆ ಗರಿ ಬಿಚ್ಚಿಕೊಂಡು ಹುಂಜದ ಬಾಲದ ಹಾಗೆ ನಿಂತಿದೆ. ಮುಂದಿನ ಎರಡಕ್ಕೆ ಸಿಟ್ಟಿನಲ್ಲಿ ಜಾಸ್ತಿಯೇ ಉಜ್ಜಿದೆ, ಎರಡನೇ ಸುತ್ತಿಗೇ ಹರಿಯಿತು. ಆಮೇಲೆ ಕೆಟಲಿನ ಹಬೆಗೆ ಹಿಡಿದು ಮೆತ್ತಗೆ ಮಾಡಿ ಸುತ್ತಿದೆ. ಕೂತಿತು! ಆದರೆ ನಾನು ಕಡ್ಡಿಗೆ ಎಣ್ಣೆ ಹಚ್ಚಿಟ್ಟಿದ್ದೆ, ಅಂಟು ಹಿಡಿಯಲಿಲ್ಲ, ನಾಲ್ಕು ಸಲ ಬಿಟ್ಟ ಮೇಲೆ ಸಿಪ್ಪೆ ಸುಲಿದ ಹಾಗೆ ಕಳಚಿಬಂತು. ಈಗ ಗರಿ ಕೂರುವ ಜಾಗಕ್ಕೆ ಎಣ್ಣೆ ಮುಟ್ಟಿಸುವುದಿಲ್ಲ. ಹಿಂದೆ ಮುಂದೆ ಎರಡೂ ತುದಿಗೆ ಹಲ್ಲು ಶುಚಿ ಮಾಡುವ ಫ್ಲಾಸ್ ದಾರ ಬಿಗಿದು ಮೇಲೆ ಅಂಟು. ಮುಂದಿನ ತುದಿಯ ದಾರ ಮಾತ್ರ ತಪ್ಪಿಸಬೇಡಿ, ದಂಟಿನ ಚೂಪು ಬಿಲ್ಲು ಹಿಡಿದ ಕೈಯನ್ನು ಸೀಳುತ್ತದೆ. ಎಷ್ಟು ಸುತ್ತು, ಸುತ್ತಿನ ನಡುವೆ ಎಷ್ಟು ಅಂತರ ಎಂಬುದು ನನ್ನ ಹತ್ತಿರವೇ ಇರಲಿ. ಅದಕ್ಕೇ ನನ್ನ ಒಂದು ಇಡೀ ಅಕ್ಟೋಬರ್ ಹೋಗಿದೆ.

ಬಿಲ್ಲಿಗೆ ತಗುಲಿ ಹೊರಳುತ್ತದೆ ಎಂದು ಅಜ್ಜ ಹೇಳಿದ್ದು ಪ್ಲಾಸ್ಟಿಕ್ ರೆಕ್ಕೆಯಾಗಿದ್ದರೆ ನಿಜವಾಗುತ್ತಿತ್ತು. ಗರಿ ಮಡಚಿಕೊಂಡು ದಾಟಿಬಿಡುತ್ತದೆ.

ತುದಿಗೆ .38 ಸ್ಪೆಷಲ್ ಗುಂಡಿನ ಖಾಲಿ ಹಿತ್ತಾಳೆ ಕೊಳವೆ. ಶೂಟಿಂಗ್ ರೇಂಜಿನಲ್ಲಿ ಪುಕ್ಕಟೆ ಸಿಕ್ಕಿತು, 11/32 ಕಡ್ಡಿಗೆ ಸ್ವಲ್ಪ ಉಜ್ಜಿದರೆ ಕೂರುತ್ತದೆ. ಬರೀ ಅದು ಎಪ್ಪತ್ತು ಗ್ರೇನ್ (ಸುಮಾರು ನಾಲ್ಕೂವರೆ ಗ್ರಾಂ) ಒಳಗೇ, ಹಗುರ. ಒಳಗೊಂದು ಗಿಡ್ಡ ಸ್ಕ್ರೂ ಹಾಕಿ ನೂರರ ಮೇಲಕ್ಕೆ ತಂದೆ. ಮೊಂಡು ತುದಿ ಮರದ ಬೇರಿಗೆ ಹೊಡೆದರೂ ಕಚ್ಚಿಕೊಳ್ಳುವುದಿಲ್ಲ, ಎಲೆಯಡಿ ನುಗ್ಗುವುದೂ ಇಲ್ಲ.

ನಡುವೆ ಬಣ್ಣದ ಹುಚ್ಚು ಹಿಡಿಯಿತು. ಅಡುಗೆಮನೆಯ ಅರಿಶಿನ, ಸ್ವಲ್ಪ ವಿನೆಗರ್, ಬಿಸಿ ನೀರು. ಗರಿ ಎಂಥ ಚಂದದ ಹಳದಿಯಾಯಿತು ಅಂತೀರಿ! ಎರಡು ಡಜನ್ ಅದ್ದಿ ಒಣಗಿಸಿದೆ. ಆಮೇಲೆ ಕಾಡಿಗೆ ಹೋದರೆ ಮೇಪಲ್ ಎಲೆಗಳೆಲ್ಲ ಹಳದಿಯಾಗಿ ನೆಲಕ್ಕೆ ಬಿದ್ದಿವೆ. ನನ್ನ ಬಾಣವೂ ಅದರ ನಡುವೆ ಒಂದು ಎಲೆ. ಬಿಸಿಲಿಗೆ ಮೂರು ವಾರದಲ್ಲಿ ಬಣ್ಣವೂ ಹೋಯಿತು. ಈಗ ಮಕ್ಕಳ ಗುಲಾಬಿ ಶರಬತ್ತಿನ ಪುಡಿ ಹಾಕುತ್ತೇನೆ, ದೂರದಿಂದಲೇ ಕಾಣುತ್ತದೆ. ಗರಿಯ ಬದಲು ಡಕ್ಟ್ ಟೇಪ್ ಹಾಕಿ ನೋಡಿದೆ. ಮಳೆಗೆ ಜಗ್ಗುವುದಿಲ್ಲ, ನಿಜ. ಆದರೆ ಗಾಳಿ ಹಿಡಿಯದೆ ಎಲ್ಲೋ ಹೋಗಿ ಬೀಳುತ್ತದೆ. ಒದ್ದೆ ಹಿಮದಲ್ಲಿ ಗರಿ ತೊಪ್ಪೆಯಾಗುತ್ತದೆ ಎಂಬುದೊಂದೇ ನನ್ನ ಬಾಣದ ದೋಷ. ಅಂಥ ದಿನ ನಾನು ಮನೆಯಲ್ಲೇ ಇರುತ್ತೇನೆ.

ಲೆಕ್ಕ ಹೇಳುವುದಾದರೆ ಒಂದು ಬಾಣಕ್ಕೆ ಎರಡೂವರೆ ಡಾಲರ್ ಬಿದ್ದಿರಬಹುದು. ನಾನು ನೋಡಿದ ಅಂಗಡಿಯಲ್ಲಿ ಒಂದಕ್ಕೆ ಹನ್ನೆರಡು ಡಾಲರಿಗೆ ಕಡಿಮೆ ಇರಲಿಲ್ಲ. ಹದಿನೈದು ಗಜದವರೆಗೆ ನೇರ ಹೋಗುತ್ತದೆ, ಮೂವತ್ತರ ಆಚೆ ಸುಸ್ತಾಗಿ ಕೂತುಬಿಡುತ್ತದೆ. ಈ ಸಲ ಮೂವತ್ತಕ್ಕೂ ಹೆಚ್ಚು ಸಲ ಬಿಟ್ಟಿದ್ದೇನೆ, ಕಳೆದದ್ದು ಎರಡು, ಮುರಿದದ್ದು ಮೂರು. ಏಳೂ ಮೊಲ ಹತ್ತು ಹನ್ನೆರಡು ಹೆಜ್ಜೆಯೊಳಗೆ, ಕಡಿದು ರಾಶಿ ಹಾಕಿದ ಕೊಂಬೆಗಳ ಅಂಚಿನಲ್ಲಿ. ಅದಕ್ಕಿಂತ ದೂರ ಇದ್ದರೆ ಬಿಡುವುದಿಲ್ಲ, ಪೆಟ್ಟು ತಲೆಗೆ ಬೀಳದೆ ಗಾಯವಾಗಿ ಓಡಿದರೆ ಪಾಪ. ಸುಲಿಯುವಾಗ ಕೈಗವಸು ಹಾಕಿಕೊಳ್ಳುತ್ತೇನೆ. ಸಾರಿಗೆ ಮೆಣಸು ಮುಂದಾಗಿರಬೇಕು.

ಕಳೆದ ವಾರ ಅಜ್ಜ ಬೇಲಿ ಹತ್ತಿರ ಬಂದು ಒಂದು ಬಾಣ ಕೇಳಿದರು. ಹಿತ್ತಲಿನಲ್ಲಿ ಒಂದು ಒಣಹುಲ್ಲಿನ ಪಿಂಡಿಗೆ ಬಿಟ್ಟರು, ಮತ್ತೆ ಬಿಟ್ಟರು. ಏನೂ ಹೇಳಲಿಲ್ಲ. ಗರಿಯ ಸುತ್ತನ್ನು ಬೆರಳಲ್ಲಿ ಅಳೆಯುತ್ತಿದ್ದರು, ನಾನು ಮೆಲ್ಲಗೆ ಬಾಣ ವಾಪಸ್ ತೆಗೆದುಕೊಂಡೆ. ಮೇ ತಿಂಗಳಲ್ಲಿ ಎರಡು ರೆಕ್ಕೆ ಕೊಡುತ್ತಾರಂತೆ, ನಾನು ಎರಡು ಬಾಣ ಸುತ್ತಿಕೊಡಬೇಕಂತೆ. ನಾಲ್ಕು ರೆಕ್ಕೆ ಕೇಳಿದ್ದೇನೆ.