ಹಳೆಯ ಮ್ಯೂಲ್ ಯಂತ್ರವನ್ನು ಅಪಾಯವಿಲ್ಲದೆ ನಿಲ್ಲಿಸುವ ಕ್ರಮ

ಬ್ರಿಟಿಷ್ ಎಂಜಿನಿಯರ್ ರಿಚರ್ಡ್ ರಾಬರ್ಟ್ಸ್ 1830ರ ಹೊತ್ತಿಗೆ ಸುಧಾರಿಸಿದ, ಹತ್ತಿಯನ್ನು ನೂಲುವ ಸ್ವಯಂಚಾಲಿತ ಮ್ಯೂಲ್‌ನಲ್ಲಿ, ನೂರಾರು ಕದಿರುಗಳನ್ನು ಹೊತ್ತ ಗಾಡಿಯು ಹಳಿಗಳ ಮೇಲೆ ಸುಮಾರು 5 ಅಡಿ ಹೊರಬಂದು ಮತ್ತೆ ಒಳಸರಿಯುತ್ತದೆ. ಇಂಗ್ಲೆಂಡಿನ ಗಿರಣಿಗಳಲ್ಲಿ ಹತ್ತಿಯ ಕಸ ಬಳಿಯಲು ನೂಲಿನಡಿ ನುಸುಳುತ್ತಿದ್ದ ಮಕ್ಕಳಿಗೆ ಈ ಮರಳುವಿಕೆಯೇ ಮುಳುವಾಗುತ್ತಿತ್ತು.

ಇಂಥ ಯಂತ್ರವನ್ನು ಸಂಗ್ರಹಾಲಯದಲ್ಲಿ ಓಡಿಸುವವರು ಮೊದಲು ಬೆಲ್ಟ್ ಸರಿಸುವ ಕವಲನ್ನು ಅರಿಯಬೇಕು. ಹಿಡಿಕೆಯನ್ನು ಎಳೆದಾಗ ಕವಲು ಬೆಲ್ಟನ್ನು ಯಂತ್ರವನ್ನು ತಿರುಗಿಸುವ ಬಿಗಿ ಪುಲ್ಲಿಯಿಂದ, ಪಕ್ಕದಲ್ಲಿ ಸುಮ್ಮನೆ ತಿರುಗುವ ಸಡಿಲ ಪುಲ್ಲಿಗೆ ತಳ್ಳುತ್ತದೆ. ಆಗ ಬೆಲ್ಟನ್ನು ಓಡಿಸುವ ಮೇಲಿನ ದಂಡ ತಿರುಗುತ್ತಿದ್ದರೂ ಯಂತ್ರಕ್ಕೆ ಚಾಲನೆ ತಲುಪುವುದಿಲ್ಲ. ಬೆಲ್ಟನ್ನು ಕೈಯಿಂದ ಮುಟ್ಟಲೇಬಾರದು. ಗಾಡಿ ನಿಂತಿತೆಂದು ಒಳಗೆ ಬಾಗುವುದೂ ತಪ್ಪು, ಏಕೆಂದರೆ ಪ್ರತಿ ಎಳೆತದ ಕೊನೆಯಲ್ಲಿ ಅದು ತನ್ನ ಕ್ರಮದಂತೆಯೇ ಕ್ಷಣಕಾಲ ನಿಲ್ಲುತ್ತದೆ. ಸಡಿಲ ಪುಲ್ಲಿಯಿಂದ ಬೆಲ್ಟ್ ತಾನಾಗಿ ಜಾರಿ ಮರಳುವುದೂ ಉಂಟು. ಆದ್ದರಿಂದ ಹಿಡಿಕೆಗೆ ಬೀಗ ಹಾಕಿ, ಮೋಟಾರಿನ ವಿದ್ಯುತ್ತನ್ನು ಕಡಿದ ಬಳಿಕವೇ ಹಲ್ಲುಚಕ್ರಗಳ ಮುಚ್ಚಳ ತೆಗೆಯಬೇಕು.

ಚಲಿಸುವ ಗಾಡಿಗೂ ಸ್ಥಿರ ಚೌಕಟ್ಟಿಗೂ ನಡುವೆ ಮಕ್ಕಳು ದುಡಿಯುವುದನ್ನು ಬ್ರಿಟನ್ನಿನ 1844ರ ಕಾರ್ಖಾನೆ ಕಾಯ್ದೆ ನಿಷೇಧಿಸಿತು. ಇಂದು ಅಲ್ಲಿ ವಯಸ್ಕರನ್ನೂ ಬಿಡಬಾರದು.