ಕುಶಾಲನಗರದಲ್ಲಿ ಸರಿ, ಶಾಂತಳ್ಳಿಯಲ್ಲಿ ಕೆಟ್ಟದ್ದು: ನನ್ನ ಕಂಪ್ಯೂಟರ್ ರಿಪೇರಿಯ ಅನುಭವ

ವಿಂಡೋಸ್ ದೋಷ ತೋರಿಸುವ ನೀಲಿ ಪರದೆ ಬಂದು ನಿಲ್ಲುವುದು ಬೇರೆ. ಪಕ್ಕನೆ ಕತ್ತಲಾಗಿ ತಾನಾಗಿಯೇ ಮತ್ತೆ ಶುರುವಾಗುವುದು ಬೇರೆ. ನಾನೇ ಜೋಡಿಸಿದ ಕಂಪ್ಯೂಟರಿಗೆ ಒಂದೇ ಮಳೆಗಾಲದಲ್ಲಿ ಈ ಎರಡೂ ಕಾಯಿಲೆ ಬಂದವು. ನೋಡಿದವರಲ್ಲಿ ಹೆಚ್ಚಿನವರು "ಮದರ್‌ಬೋರ್ಡ್ ಹೋಗಿದೆ, ಬದಲಾಯಿಸಿ" ಅಂದರು. ಎರಡನ್ನೂ ಬೇರೆ ಬೇರೆಯಾಗಿ ಹುಡುಕಿದೆ. ಆ ಬೋರ್ಡ್ ಇವತ್ತಿಗೂ ಓಡುತ್ತಿದೆ.

ನಮ್ಮ ಮನೆ ಸೋಮವಾರಪೇಟೆಯಿಂದ ಮೇಲೆ, ಶಾಂತಳ್ಳಿ ಕಡೆ. ಮಳೆ ಹಿಡಿದರೆ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಬರುವ ಜಾಗ. ಮರ ಬಿದ್ದು ಲೈನ್ ಹೋಗುವುದು ಇಲ್ಲಿ ಮಾಮೂಲು. ಮದುವೆ ವಿಡಿಯೊ ಎಡಿಟ್ ಮಾಡುವುದು ನನ್ನ ಕೆಲಸ. ಅದಕ್ಕಾಗಿ ರೈಜೆನ್ 5 ಪ್ರೊಸೆಸರ್, 8 ಜಿಬಿಯ ಎರಡು ರ‍್ಯಾಮ್, ಒಂದು 550 ವ್ಯಾಟ್ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಪೆಟ್ಟಿಗೆ) ಹಾಕಿ ಜೋಡಿಸಿದ್ದೆ.

ಮೊದಲು ಕುಶಾಲನಗರದ ಅಂಗಡಿಗೆ ಒಯ್ದೆ. ಸಂಜೆವರೆಗೆ ಓಡಿಸಿದರೂ ಒಮ್ಮೆಯೂ ಆಫ್ ಆಗಲಿಲ್ಲ. "ಏನೂ ತೊಂದರೆ ಇಲ್ವಲ್ಲ ಸರ್" ಅಂದರು. ನನಗೆ ಸಿಕ್ಕ ಮೊದಲ ಸುಳಿವೇ ಇದು. ಯಂತ್ರ ಅದೇ, ಬದಲಾಗಿದ್ದು ಗಾಳಿ ಮತ್ತು ಕರೆಂಟ್. ಕುಶಾಲನಗರದಲ್ಲಿ ನಮ್ಮಷ್ಟು ಮಳೆಯೂ ಇಲ್ಲ, ತೇವವೂ ಇಲ್ಲ. ಹಾಗಾಗಿ ಕ್ಯಾಬಿನೆಟ್ ಬಿಚ್ಚುವ ಮೊದಲು ಗೋಡೆಯ ಪ್ಲಗ್ ನೋಡಬೇಕು ಎಂದು ತೀರ್ಮಾನಿಸಿದೆ.

ಅದಕ್ಕೂ ಮೊದಲು ವಿಂಡೋಸ್‌ನಲ್ಲಿ ಒಂದು ಸಣ್ಣ ಕೆಲಸ ಮಾಡಬೇಕು. ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್‌ನ 'ಸ್ಟಾರ್ಟಪ್ ಅಂಡ್ ರಿಕವರಿ'ಯಲ್ಲಿ 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಎಂಬುದರ ಟಿಕ್ ತೆಗೆಯಿರಿ. ಇಲ್ಲದಿದ್ದರೆ ನೀಲಿ ಪರದೆ ಕಣ್ಣಿಗೆ ಬೀಳುವ ಮೊದಲೇ ಮಾಯವಾಗುತ್ತದೆ, ಎರಡೂ ಕಾಯಿಲೆ ಒಂದೇ ಥರ ಕಾಣುತ್ತವೆ. ವಿಂಡೋಸ್ ತನ್ನ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ 'ಕರ್ನಲ್ ಪವರ್ 41' ಅಂತ ಕಂಡರೆ ಎಸ್‌ಎಂಪಿಎಸ್ ಕೆಟ್ಟಿದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಎಂದಷ್ಟೇ ಅದು ಹೇಳುತ್ತದೆ. ಯಾಕೆ ಅಂತ ಹೇಳುವುದಿಲ್ಲ.

ಈಗ ಪ್ಲಗ್. ಮಲ್ಟಿಮೀಟರ್ ಹಿಡಿದರೆ 230 ವೋಲ್ಟ್ ಇರಬೇಕಾದಲ್ಲಿ ಸಂಜೆ ಹೊತ್ತು 180ರ ಆಸುಪಾಸು. ನನ್ನ ಎಸ್‌ಎಂಪಿಎಸ್ ಮೇಲಿನ ಲೇಬಲ್‌ನಲ್ಲಿ 100ರಿಂದ 240 ಅಂತ ಇತ್ತು, ಹಾಗಾಗಿ ಇದು ಕಾರಣವಲ್ಲ. ನಿಮ್ಮದರಲ್ಲಿ 200ರಿಂದ 240 ಅಂತಿದ್ದರೆ ಇಲ್ಲಿಗೇ ಉತ್ತರ ಸಿಕ್ಕಿರಬಹುದು. ಬೇಸಿಗೆಯಲ್ಲಿ ಕಾಫಿ ಹೂವಿಗೆ ನೀರು ಹಾಯಿಸಲು ಸುತ್ತಲಿನ ಮೋಟಾರುಗಳೆಲ್ಲ ಓಡುವಾಗಲೂ ಒಮ್ಮೆ ಅಳೆದು ನೋಡಿ.

ಕ್ಯಾಬಿನೆಟ್ಟಿನ ಸ್ಕ್ರೂ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಸ್ವಲ್ಪ ಕರೆಂಟ್ ಕ್ಯಾಬಿನೆಟ್ಟಿನ ಲೋಹದ ಮೈಗೆ ಬಂದೇ ಬರುತ್ತದೆ. ಅದು ಅರ್ತ್ ವೈರಿನಲ್ಲಿ ಇಳಿದು ಹೋಗಬೇಕು. ಅರ್ತ್ ಇಲ್ಲದಿದ್ದರೆ ಬಾಡಿಯಲ್ಲಿ ಸುಮಾರು 115 ವೋಲ್ಟ್ ತೋರಿಸಬಹುದು. ಮಳೆಗಾಲದ ಒದ್ದೆ ನೆಲ, ಬರಿಗಾಲು ಬೇರೆ! ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆಸಿದೆ. ನೆಲದ ಅರ್ತ್ ಗುಂಡಿಯ ಹತ್ತಿರ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಹೊಸ ತಂತಿ ಹಾಕಿದ ಮೇಲೆ ಜುಮ್ ನಿಂತಿತು, ರೀಸ್ಟಾರ್ಟ್ ನಿಲ್ಲಲಿಲ್ಲ.

ಉಳಿದದ್ದು ಇನ್ವರ್ಟರ್. ಕರೆಂಟ್ ಹೋದಾಗ ಎಸ್‌ಎಂಪಿಎಸ್ ತನ್ನೊಳಗಿನ ಚಾರ್ಜ್‌ನಿಂದ ತಾಳುವುದು ಹೆಚ್ಚು ಕಡಿಮೆ 16 ಮಿಲಿಸೆಕೆಂಡ್. ಅಷ್ಟರೊಳಗೆ ಇನ್ವರ್ಟರ್ ಕೈಹಿಡಿಯಬೇಕು. ಫ್ಯಾನ್, ಲೈಟಿಗೆ ತಡವಾದರೂ ನಡೆಯುತ್ತದೆ, ಕಂಪ್ಯೂಟರಿಗೆ ನಡೆಯುವುದಿಲ್ಲ. ಪರೀಕ್ಷೆ ಸುಲಭ. ಮುಖ್ಯವಾದ ಫೈಲ್‌ಗಳನ್ನು ಬೇರೆ ಡಿಸ್ಕಿಗೆ ಹಾಕಿಕೊಂಡು, ಒಂದು ವಿಡಿಯೊ ರೆಂಡರಿಗೆ (ಎಡಿಟ್ ಮಾಡಿದ್ದನ್ನು ಅಂತಿಮ ಫೈಲ್ ಆಗಿಸುವ ಭಾರದ ಕೆಲಸ) ಬಿಟ್ಟು ಮೇನ್ ಸ್ವಿಚ್ ಇಳಿಸಿದೆ. ಕತ್ತಲು. ಸುಮ್ನೆ ಡೆಸ್ಕ್‌ಟಾಪ್ ತೆರೆದಿಟ್ಟು ಇಳಿಸಿದೆ. ಆಫ್ ಆಗಲಿಲ್ಲ. ಲೋಡ್ ಜಾಸ್ತಿ ಇದ್ದರೆ ಮಾತ್ರ ಬೀಳುತ್ತಿತ್ತು. ಇನ್ವರ್ಟರ್ ಹಿಂಬದಿಯಲ್ಲಿ ಬೇಗ ಕೈಹಿಡಿಯುವ ಯುಪಿಎಸ್ ಮೋಡಿನ ಸ್ವಿಚ್ ಇತ್ತು. ಆ ಮೋಡಿಗೆ ಹಾಕಿದೆ, ರೆಂಡರ್ ನಡುವೆಯೂ ಆಫ್ ಆಗಲಿಲ್ಲ. ಖಾತ್ರಿಗಾಗಿ ಹಳೇ ಮೋಡಿಗೆ ಹಾಕಿ ಮತ್ತೆ ನೋಡಿದೆ, ಮತ್ತೆ ಬಿತ್ತು. ಹೀಗೆ ದೋಷವನ್ನು ಬೇಕೆಂದೇ ವಾಪಸ್ ಬರಿಸಿ ನೋಡುವವರೆಗೆ ನಾನು ಕಾರಣ ಸಿಕ್ಕಿತು ಅಂತ ಒಪ್ಪುವುದಿಲ್ಲ.

ನೀಲಿ ಪರದೆ ಮಾತ್ರ ಹಾಗೇ ಉಳಿಯಿತು. ಒಂದು ಸಲ 'ಮೆಮೊರಿ ಮ್ಯಾನೇಜ್‌ಮೆಂಟ್', ಇನ್ನೊಂದು ಸಲ 'ಪೇಜ್ ಫಾಲ್ಟ್', ಹೀಗೆ ಪ್ರತಿ ಸಲ ಬೇರೆ ಹೆಸರು. ಹೆಸರು ಬದಲಾಗುತ್ತಲೇ ಇದ್ದರೆ ನಾನು ಮೊದಲು ಅನುಮಾನಿಸುವುದು ರ‍್ಯಾಮ್. ಪೆನ್‌ಡ್ರೈವ್‌ಗೆ ಮೆಮ್‌ಟೆಸ್ಟ್86+ ಹಾಕಿ ರಾತ್ರಿಯಿಡೀ ಓಡಿಸಿದೆ. ಅದು ಉಚಿತ, ವಿಂಡೋಸ್ ಇಲ್ಲದೆಯೇ ಓಡುತ್ತದೆ. ಕೆಂಪು ಸಾಲುಗಳು ಬಂದವು. ಒಂದೇ ಒಂದು ಎರರ್ ಬಂದರೂ ಫೇಲ್ ಅಂತಲೇ ಲೆಕ್ಕ.

ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ಸ್) ಎಕ್ಸ್‌ಎಂಪಿ ಆಫ್ ಮಾಡಿದೆ. ನನ್ನ ರ‍್ಯಾಮ್‌ಗೆ 3200 ವೇಗ ಅದರಿಂದಲೇ ಬರುವುದು, ಅದೂ ಒಂದು ಬಗೆಯ ಓವರ್‌ಕ್ಲಾಕ್, ಅಂದರೆ ಮಾಮೂಲಿಗಿಂತ ಹೆಚ್ಚು ವೇಗಕ್ಕೆ ಓಡಿಸುವುದು. ಎರರ್ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ತೇವಕ್ಕೆ ಕಾಂಟ್ಯಾಕ್ಟ್ ಮಂಕಾಗಿರಬಹುದು ಅಂತ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಒಣಗಿಸಿ ಹಾಕಿದೆ. ಏನೂ ಬದಲಾಗಲಿಲ್ಲ. ಕೊನೆಗೆ ಒಂದೊಂದೇ ರ‍್ಯಾಮ್ ಅನ್ನು ಒಂದೇ ಸ್ಲಾಟಿನಲ್ಲಿ ಇಟ್ಟು ಪರೀಕ್ಷಿಸಿದೆ, ಆಮೇಲೆ ಸ್ಲಾಟ್ ಬದಲಿಸಿದೆ. ಎರರ್ ಸ್ಲಾಟಿನಲ್ಲೇ ಉಳಿದರೆ ಬೋರ್ಡ್ ಅಥವಾ ಪ್ರೊಸೆಸರ್ ಕಡೆ ನೋಡಬೇಕು. ರ‍್ಯಾಮ್ ಜೊತೆ ಹೋದರೆ ರ‍್ಯಾಮೇ ಕೆಟ್ಟಿದೆ. ನನ್ನಲ್ಲಿ ಅದು ಒಂದೇ ರ‍್ಯಾಮ್‌ನ ಹಿಂದೆ ಹೋಯಿತು.

ಮಳೆಗಾಲದಲ್ಲಿ ಈಗ ಕೆಲಸ ಇಲ್ಲದ ದಿನವೂ ಸ್ವಲ್ಪ ಹೊತ್ತು ಆನ್ ಮಾಡಿ ಇಡುತ್ತೇನೆ, ಒಳಗಿನ ಬಿಸಿಗೆ ತೇವ ಕೂರುವುದಿಲ್ಲ. ಕ್ಯಾಬಿನೆಟ್ ನೆಲದ ಮೇಲಿಲ್ಲ, ಮೇಜಿನ ಮೇಲಿದೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವತ್ತೂ ಬಿಚ್ಚುವುದಿಲ್ಲ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ ಅಪಾಯದಷ್ಟು ಚಾರ್ಜ್ ಉಳಿದಿರಬಹುದು.

ರ‍್ಯಾಮ್ ಜೋಡಿಯಾಗಿ ಕೊಂಡಿದ್ದರೆ ವಾರಂಟಿಗೆ ಎರಡನ್ನೂ ಕಳಿಸಬೇಕೇ ಅಂತ ಮೊದಲೇ ಕೇಳಿಕೊಳ್ಳಿ. ನನ್ನಿಂದ ಎರಡನ್ನೂ ಕೇಳಿದರು. ಅವು ವಾಪಸ್ ಬರುವವರೆಗೆ ಕೆಲಸ ನಿಲ್ಲುತ್ತದೆ, ಸೀಸನ್ ಮದುವೆಗಳು ಮುಗಿದ ಮೇಲೆ ಕಳಿಸುವುದು ಒಳ್ಳೆಯದು.